ಸುಕ್ಕೂರಿನ ಬಾವಿ ಕಲಿಸಿದ ಲೆಕ್ಕ

ಸರ್ ಎಂ. ವಿಶ್ವೇಶ್ವರಯ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ, ಮೈಸೂರು ಪೇಟ ಮತ್ತು ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ. ಆದರೆ ನನಗೆ ಅವರು ಹತ್ತಿರವಾದದ್ದು ಸುಕ್ಕೂರು ಎಂಬ ಊರಿನ ಮೂಲಕ. ಸಿಂಧೂ ನದಿಯ ದಡದಲ್ಲಿರುವ ಈ ಊರು ಈಗ ಪಾಕಿಸ್ತಾನದಲ್ಲಿದೆ. ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಪಂಪಿಂಗ್ ಸ್ಟೇಷನ್ ವಿನ್ಯಾಸ ಮಾಡುವುದು ನಮ್ಮ ತಂಡದ ಪ್ರಾಜೆಕ್ಟ್. ಪಠ್ಯಪುಸ್ತಕದ ಲೆಕ್ಕ ಎಷ್ಟು ಅಶ್ವಶಕ್ತಿಯ ಪಂಪ್ ಬೇಕು ಎಂಬಲ್ಲಿಂದ ಶುರುವಾಗುತ್ತದೆ. ವಿಶ್ವೇಶ್ವರಯ್ಯನವರ ಲೆಕ್ಕ ಅದಕ್ಕೂ ಬಹಳ ಮೊದಲೇ ಶುರುವಾಗುತ್ತಿತ್ತು.

1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆ ಸಿಕ್ಕಿ, ನಾಸಿಕ್, ಖಾನದೇಶಗಳಲ್ಲಿ ಕೆಲಸ ಮಾಡಿದರು.

ಸುಕ್ಕೂರಿಗೆ ಅವರನ್ನು ಕಳುಹಿಸಿದಾಗ ಅವರಿಗೆ ಮೂವತ್ತೆರಡರ ಆಸುಪಾಸು. ಕಡು ಬಿಸಿಲಿನ ಊರು. ಕಣ್ಣೆದುರಿಗೇ ಸಿಂಧೂ ನದಿ ತುಂಬಿ ಹರಿಯುತ್ತಿತ್ತು. ಆದರೆ ನೀರು ಕೆಸರು ಕದಡಿದಂತಿತ್ತು. ನದಿಯಿಂದ ನೀರೆತ್ತಿ ದಡದ ಗುಡ್ಡದ ಮೇಲಿನ ತೊಟ್ಟಿಗೆ ತುಂಬಿಸಿ, ಅಲ್ಲಿಂದ ಕೊಳವೆಗಳಲ್ಲಿ ಊರಿಗೆ ಹರಿಸಬೇಕಿತ್ತು. ಕೆಸರು ತೆಗೆಯಲು ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟಬೇಕು. ಅಷ್ಟು ಹಣ ಅಲ್ಲಿನ ಪುರಸಭೆಯ ಬಳಿ ಇರಲಿಲ್ಲ.

ಆಗ ವಿಶ್ವೇಶ್ವರಯ್ಯನವರು ನದಿಯನ್ನೇ ಶೋಧಕವಾಗಿ ಬಳಸಿಕೊಂಡರು. ದಡಕ್ಕೆ ಹತ್ತಿರವಾಗಿ ನದಿಪಾತ್ರದಲ್ಲೇ ಬಾವಿ ತೋಡಿಸಿದರು. ಬಾವಿಗೆ ಬರುವ ನೀರು ಸಾಲದಾದಾಗ ಅದರ ತಳದಿಂದ ನದಿಯ ಅಡಿಗೆ ಸುರಂಗ ಕೊರೆಸಿದರು. ನದಿಯ ನೀರು ಮರಳಿನ ಪದರಗಳಲ್ಲಿ ಇಳಿದು, ಕೆಸರನ್ನು ಅಲ್ಲೇ ಬಿಟ್ಟು, ತಿಳಿಯಾಗಿ ಬಾವಿಗೆ ಜಿನುಗಿತು. ಪಂಪ್ ಎತ್ತಿದ್ದು ಈ ತಿಳಿನೀರನ್ನು. 1895ರ ಹೊತ್ತಿಗೆ ಊರಿಗೆ ನೀರು ಬಂತು.

ಈ ಉಪಾಯದ ಬೆಲೆ ತಿಳಿಯಲು ಪಂಪಿನ ಗುಣ ಗೊತ್ತಿರಬೇಕು. ಮರಳು, ಹೂಳು ಬೆರೆತ ನೀರು ಪಂಪಿನ ಒಳಭಾಗಗಳನ್ನು ಉಜ್ಜಿ ಸವೆಸುತ್ತದೆ. ಸವೆದಷ್ಟೂ ಪಂಪಿನ ದಕ್ಷತೆ ಕುಸಿಯುತ್ತದೆ, ಅಷ್ಟೇ ನೀರಿಗೆ ಹೆಚ್ಚು ಇಂಧನ ಸುಡಬೇಕಾಗುತ್ತದೆ. ಮರಳಿನ ಬಾವಿಯಿಂದ ಶೋಧಕ ತೊಟ್ಟಿಗಳ ಖರ್ಚು ಉಳಿದದ್ದಲ್ಲದೆ ಯಂತ್ರದ ಆಯುಸ್ಸಿಗೂ ಅನುಕೂಲವಾಯಿತು. ಗುಡ್ಡದ ಮೇಲಿನ ತೊಟ್ಟಿಗೆ ಒಮ್ಮೆ ನೀರು ಏರಿಸಿದರೆ ಮುಂದೆ ಇಳಿಜಾರೇ ಅದನ್ನು ಮನೆಮನೆಗೆ ತಲುಪಿಸುತ್ತದೆ.

ಇದೇ ಯೋಚನೆಯ ಜಾಡು ಅವರ ಮುಂದಿನ ಕೆಲಸಗಳಲ್ಲೂ ಕಾಣುತ್ತದೆ. ಪುಣೆಗೆ ಕುಡಿಯುವ ನೀರು ಕೊಡುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಿಂದ ಪ್ರತಿ ಮಳೆಗಾಲದಲ್ಲೂ ನೀರು ಕೋಡಿ ಹರಿದು ಹೋಗುತ್ತಿತ್ತು. ಹೆಚ್ಚು ನೀರು ಬೇಕೆಂದರೆ ಅಣೆಕಟ್ಟನ್ನೇ ಎತ್ತರಿಸಬೇಕಿತ್ತು. ಅವರು ಕೋಡಿಯ ಮೇಲೆ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ನಿಗದಿತ ಮಟ್ಟ ಮುಟ್ಟುವವರೆಗೆ ಗೇಟು ತಡೆದು ನಿಲ್ಲಿಸುತ್ತದೆ, ಮೀರಿದರೆ ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಇಂಥ ಗೇಟುಗಳು ಮುಂದೆ ಗ್ವಾಲಿಯರಿಗೂ ನಮ್ಮ ಕನ್ನಂಬಾಡಿಗೂ ಬಂದವು.

1906ರಲ್ಲಿ ಸರ್ಕಾರ ಅವರನ್ನು ಅರಬ್ ಕರಾವಳಿಯ ಏಡನ್‌ಗೆ ಕಳುಹಿಸಿತು. ಮಳೆ ಇಲ್ಲದ ಬಂದರು ಅದು. ದೂರದ ಲಹೇಜ್ ಪ್ರದೇಶದ ನದಿಪಾತ್ರದ ಮರಳಿನ ಅಡಿಯಲ್ಲಿ ನೀರು ಹಿಡಿದು ಏಡನ್‌ಗೆ ಪಂಪ್ ಮಾಡಬಹುದೆಂದು ಅವರು ಸಲಹೆ ಕೊಟ್ಟರು. ಸುಕ್ಕೂರಿನ ಪಾಠ ಮರುಭೂಮಿಯಲ್ಲೂ ಉಪಯೋಗಕ್ಕೆ ಬಂದಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ನಗರದ ಮೇಲ್ಭಾಗದಲ್ಲಿ ಪ್ರವಾಹ ತಡೆಯುವ ಜಲಾಶಯಗಳು ಬೇಕೆಂದು ಅವರು ಹೇಳಿದರು. ಹಾಗೆ ನಿರ್ಮಾಣವಾದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಜಲಾಶಯ ಎತ್ತರದಲ್ಲಿದ್ದುದರಿಂದ ಉಸ್ಮಾನ್ ಸಾಗರದ ನೀರು ಇಳಿಜಾರಿನಲ್ಲೇ ನಗರಕ್ಕೆ ಹರಿಯಿತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು, 1955ರಲ್ಲಿ ಭಾರತರತ್ನ. ಈ ಕಥೆ ನಮಗೆಲ್ಲ ಗೊತ್ತಿರುವುದೇ. 1962ರಲ್ಲಿ, ನೂರು ವರ್ಷ ದಾಟಿದ ಮೇಲೆ ಅವರು ತೀರಿಕೊಂಡರು.

ಅವರು ಇಲ್ಲವಾಗಿ ಹನ್ನೆರಡು ವರ್ಷಗಳ ನಂತರ, 1974ರಲ್ಲಿ, ಬೆಂಗಳೂರಿಗೆ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ನೀರನ್ನು ಏರಿಸಬೇಕು. ಕೂತು ಲೆಕ್ಕ ಹಾಕಿದೆ. 1,000 ಲೀಟರ್ ನೀರನ್ನು 500 ಮೀಟರ್ ಎತ್ತಲು, ಎಲ್ಲವೂ ಪರಿಪೂರ್ಣವಾಗಿದ್ದರೂ, 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರು ಸೇರಿ 70ರಷ್ಟು ದಕ್ಷತೆ ಎಂದುಕೊಂಡರೆ ಸುಮಾರು 2 ಯೂನಿಟ್. ಕೊಳವೆಯ ಗೋಡೆಗೆ ಉಜ್ಜಿ ಕಳೆದುಹೋಗುವ ಶಕ್ತಿ ಇದಕ್ಕೆ ಹೊರತು. ನಲ್ಲಿ ತಿರುಗಿಸಿ ಬಿಟ್ಟು ಹಲ್ಲುಜ್ಜುವಾಗ ಹರಿದುಹೋಗುವುದು ನೀರಷ್ಟೇ ಅಲ್ಲ.

ಇಲ್ಲಿ ಎಂಜಿನಿಯರ್‌ಗೆ ಉಳಿತಾಯದ ದಾರಿಗಳು ಇವೆ. ಪಂಪ್ ಕೊಳ್ಳುವ ಖರ್ಚು ಒಂದು ಸಲದ್ದು, ಕರೆಂಟ್ ಬಿಲ್ಲು ತಿಂಗಳು ತಿಂಗಳೂ ಬರುವಂಥದ್ದು. ಅಷ್ಟೇ ನೀರು ಹರಿಯುವಾಗ ಕೊಳವೆಯ ವ್ಯಾಸ ಎರಡು ಪಟ್ಟಾದರೆ ಘರ್ಷಣೆಯ ನಷ್ಟ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ದಪ್ಪ ಕೊಳವೆಗೆ ದುಡ್ಡು ಹೆಚ್ಚು. ಕೊಳವೆಯ ಬೆಲೆ, ವಿದ್ಯುತ್ತಿನ ಬೆಲೆ ಎರಡೂ ಕೂಡಿ ಎಲ್ಲಿ ಕನಿಷ್ಠವಾಗುತ್ತದೋ ಆ ವ್ಯಾಸವನ್ನು ಹುಡುಕುವುದೇ ನಮ್ಮ ಕೆಲಸ. ಒಂದೇ ದೈತ್ಯ ಪಂಪಿನ ಬದಲು ಬೇಡಿಕೆಗೆ ತಕ್ಕಂತೆ ಓಡಿಸಬಹುದಾದ ಎರಡು ಮೂರು ಪಂಪುಗಳನ್ನು ಇಡುವುದು ಇನ್ನೊಂದು ದಾರಿ.

ಕ್ಯಾಂಪಸ್ ಸಂದರ್ಶನಗಳ ಈ ಕಾಲದಲ್ಲಿ ಸಿವಿಲ್ ಓದುವ ನಮಗೆ ಮನೆಯವರಿಂದಲೂ ಗೆಳೆಯರಿಂದಲೂ ಬರುವ ಪ್ರಶ್ನೆ ಒಂದೇ: ಕೋಡಿಂಗ್ ಕಲಿಯುತ್ತಿಲ್ಲವೇ? ಕಲಿಯೋಣ, ತಪ್ಪೇನಿಲ್ಲ. ಆದರೆ ಬಿಲ್ಲು ಕಟ್ಟಲಾಗದೆ ಒದ್ದಾಡುವ ಸಣ್ಣ ಪಟ್ಟಣಗಳಿಗೆ, ವಾರಕ್ಕೊಮ್ಮೆ ನೀರು ಬರುವ ಬೀದಿಗಳಿಗೆ, ಈ ಲೆಕ್ಕ ಬಲ್ಲವರು ಬೇಕೇ ಬೇಕು. ಸುಕ್ಕೂರು ಕೂಡ ಬರಿಗೈ ಪುರಸಭೆಯೇ ಆಗಿತ್ತು. ಹಣ ಬರಲಿ, ಆಮೇಲೆ ನೋಡೋಣ ಎಂದು ಆ ಯುವ ಎಂಜಿನಿಯರ್ ಕಡತ ಮುಚ್ಚಿಡಲಿಲ್ಲ.

ನಮ್ಮ ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಈಗ ಪಂಪಿನ ಅಶ್ವಶಕ್ತಿ ಇಲ್ಲ. ಅಲ್ಲಿರುವುದು ಊರಿನ ನಕ್ಷೆ, ಎತ್ತರ ತಗ್ಗುಗಳ ಗೆರೆಗಳು ಮತ್ತು ಮೂರು ಪ್ರಶ್ನೆಗಳು: ಈ ನೀರನ್ನು ಎಷ್ಟು ಎತ್ತಲೇಬೇಕು? ಎಷ್ಟನ್ನು ತಾನಾಗಿ ಹರಿಯಲು ಬಿಡಬಹುದು? ಎತ್ತುವ ಮೊದಲು ಪ್ರಕೃತಿ ನಮಗಾಗಿ ಏನು ಮಾಡಿಕೊಡುತ್ತದೆ?