ಅಂಚೆಯಲ್ಲಿ ವ್ಯಾಯಾಮ ಕಳಿಸಿದ ಅಯ್ಯರ್

ನಮ್ಮೂರು ಲಿಂಗದಹಳ್ಳಿ, ತರೀಕೆರೆ ತಾಲ್ಲೂಕು. ಹೆಸರು ಹೇಳಿದ್ರೆ ಗೊತ್ತಾಗಲ್ಲ, ಆದ್ರೆ ನಿಮ್ಮಲ್ಲಿ ಅರ್ಧ ಜನ ನಮ್ಮೂರಿನ ಮೇಲೇ ಹೋಗಿದ್ದೀರಿ. ತರೀಕೆರೆ ಕಡೆಯಿಂದ ಕೆಮ್ಮಣ್ಣುಗುಂಡಿಗೆ ಟ್ರಿಪ್ ಹೋಗುವಾಗ ಟೀ ಕುಡಿಯೋಕೆ ಬೈಕ್ ನಿಲ್ಲಿಸ್ತೀರಲ್ಲ, ಅದೇ ಊರು. ಸುತ್ತ ಅಡಿಕೆ ತೋಟ. ನಮ್ಮ ಮನೆಯದೂ ಅಡಿಕೆಯೇ. ನನ್ನ ಇಂಜಿನಿಯರಿಂಗ್ ಫೀಸೂ ಅದರಿಂದಲೇ ಬಂದಿದ್ದು.

ಹೋದ ವರ್ಷ ನಮ್ಮ ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯ್ತು. ಮೂವತ್ತು ವರ್ಷ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವರು. ಕೆನ್ನೆ ಒಳಗೆ ಆಪರೇಷನ್, ಜೊತೆಗೆ ಕುತ್ತಿಗೆಯ ಗಂಟುಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್. ಮನೆಗೆ ಬಂದ ಮೇಲೆ ಅಜ್ಜಿ ಒಂದೇ ಹಠ: ಮಂಚ ಬಿಟ್ಟು ಏಳಬೇಡ, ಸುಸ್ತಾಗುತ್ತೆ. ಫಿಸಿಯೋಥೆರಪಿಸ್ಟ್ ಹೇಳಿದ್ದು ನೇರ ಉಲ್ಟಾ. ಗೋಡೆ ಮೇಲೆ ಬೆರಳುಗಳನ್ನ ಇರುವೆ ಥರ ಮೇಲೆ ನಡೆಸಿ, ದಿನಾ ಭುಜ ಎತ್ತಿ, ಐಸ್‌ಕ್ರೀಮ್ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ತೆರೆಯೋದು ಕಲಿಯಿರಿ, ದಿನಾ ನಡೆಯಿರಿ. ಮನೆಯಲ್ಲಿ ಎರಡು ಪಾರ್ಟಿ ಆಯ್ತು. ನಾನು ಗೂಗಲ್ ಪಾರ್ಟಿ. ಕಾಯಿಲೆಯವರಿಗೆ ವ್ಯಾಯಾಮ ಕೊಡೋದು ಯಾವಾಗಿನಿಂದ ಶುರುವಾಯ್ತು ಅಂತ ಹುಡುಕ್ತಾ ಹೋದಾಗ ಸಿಕ್ಕವರು ಕೆ.ವಿ. ಅಯ್ಯರ್.

ಕನ್ನಡ ಮೀಡಿಯಂನಲ್ಲಿ ಓದಿದವರು ಈಗಲೇ ನಗ್ತಿರಬಹುದು. ಅವರಿಗೆ ಅಯ್ಯರ್ ಅಂದ್ರೆ 'ಶಾಂತಲಾ' ಮತ್ತು 'ರೂಪದರ್ಶಿ' ಬರೆದ ಕಾದಂಬರಿಕಾರ. ನಾನು ಇಂಗ್ಲಿಷ್ ಮೀಡಿಯಂ, ನನಗೆ ಎರಡೂ ಗೊತ್ತಿರಲಿಲ್ಲ. ಮೊದಲು ಸಿಕ್ಕಿದ್ದು ಫೋಟೋ. ಲಂಗೋಟಿ ಹಾಕಿ, ಗ್ರೀಕ್ ಶಿಲ್ಪದ ಥರ ನಿಂತ, ಹೊಟ್ಟೆಯ ಒಂದೊಂದು ಸ್ನಾಯುವೂ ಎಣಿಸೋ ಹಾಗಿರೋ ಒಬ್ಬ ಮನುಷ್ಯ. ಈ ಮನುಷ್ಯ ಕಾದಂಬರಿ ಬರೆದ್ರಾ ಅಂತ ಎರಡು ಸಲ ಚೆಕ್ ಮಾಡಿದೆ.

ಹೆಸರಿನಲ್ಲಿರೋ 'ಕೆ' ಅಂದ್ರೆ ಕೋಲಾರ. ಕೋಲಾರದ ವೆಂಕಟೇಶ ಅಯ್ಯರ್. ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ. ಆ ಕಾಲದ ಹುಡುಗರಿಗೆ ಸ್ಯಾಂಡೋ ಅಂದ್ರೆ ಈಗಿನ ನಮ್ಮ ಫಿಟ್‌ನೆಸ್ ಇನ್‌ಫ್ಲುಯೆನ್ಸರ್ ಇದ್ದ ಹಾಗೆ. ಯೂರೋಪಿನ ಆ ಪೈಲ್ವಾನ 1904–05ರಲ್ಲಿ ಇಂಡಿಯಾಕ್ಕೂ ಬಂದು ಪ್ರದರ್ಶನ ಕೊಟ್ಟು ಹೋಗಿದ್ದ. ಡಂಬೆಲ್, ಬಾರ್‌ಬೆಲ್, ಸ್ಪ್ರಿಂಗ್ ಎಲ್ಲ ಹಾಗೆ ಇಲ್ಲಿ ಹರಡಿದವು. ನಮ್ಮಲ್ಲಿ ಗರಡಿ ಮನೆ ಮೊದಲೇ ಇತ್ತು, ದಂಡ, ಬಸ್ಕಿ, ಕುಸ್ತಿ ಇತ್ತು. ಅಯ್ಯರ್ ಇವೆರಡರಲ್ಲಿ ಒಂದನ್ನ ಆರಿಸ್ಕೊಳ್ಳಲಿಲ್ಲ. ವಿದೇಶಿ ಕಬ್ಬಿಣವನ್ನೂ ತಗೊಂಡ್ರು, ಸೂರ್ಯ ನಮಸ್ಕಾರವನ್ನೂ ಆಸನಗಳನ್ನೂ ತಗೊಂಡ್ರು, ಎಲ್ಲ ಸೇರಿಸಿ ತಮ್ಮದೇ ಒಂದು ಪದ್ಧತಿ ಮಾಡಿದ್ರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಅಂತ ವ್ಯಾಯಾಮ ಶಾಲೆ ತೆರೆದ್ರು. ಇದೆಲ್ಲ 1920ರ ದಶಕದ ಮಾತು.

ಯೋಗಾಚಾರ್ಯ ಸುಂದರಂ ಅವರ ಜೊತೆಗಾರ. ಯೋಗದ ಆಸನಗಳನ್ನ ಫೋಟೋ ಹಾಕಿ ಸಾಮಾನ್ಯ ಜನರಿಗೆ ಅರ್ಥವಾಗೋ ಹಾಗೆ ಪುಸ್ತಕ ಮಾಡಿದ ಮೊದಲಿಗರಲ್ಲಿ ಒಬ್ಬರು. ಇಬ್ಬರೂ ಊರೂರು ಸುತ್ತಿ ಪ್ರಾತ್ಯಕ್ಷಿಕೆ ಕೊಡ್ತಿದ್ರು. ಸುಂದರಂ ಆಸನ, ಅಯ್ಯರ್ ಸ್ನಾಯು. ಈಗ ಯೋಗದವರು ಜಿಮ್‌ನವರನ್ನ ನೋಡಿ ಮೂಗು ಮುರೀತಾರೆ, ಜಿಮ್‌ನವರು ಯೋಗ ಅಂದ್ರೆ ಬರೀ ಸ್ಟ್ರೆಚಿಂಗ್ ಅಂತಾರೆ. ನೂರು ವರ್ಷದ ಹಿಂದೆ ಇಬ್ಬರೂ ಒಂದೇ ವೇದಿಕೆ ಮೇಲಿದ್ರು.

ನನಗೆ ತುಂಬಾ ಇಷ್ಟವಾಗಿದ್ದು ಅವರ ಅಂಚೆ ಪಾಠ. ದೂರದ ಊರಿನವರು ಪತ್ರ ಬರೆದ್ರೆ ಅವರವರ ಮೈಗೆ ತಕ್ಕ ವ್ಯಾಯಾಮವನ್ನ ಅಂಚೆಯಲ್ಲಿ ಕಳಿಸೋರು. ಗಟ್ಟಿಮುಟ್ಟಾದವರಿಗೆ ಒಂದು ಥರ, ಕಾಯಿಲೆ ಇದ್ದವರಿಗೆ ಇನ್ನೊಂದು ಥರ. ಅಂದ್ರೆ ಕಸ್ಟಮೈಸ್ಡ್ ಪ್ಲಾನ್! ನಾವು ಈಗ ಆ್ಯಪ್‌ಗೆ ತಿಂಗಳಿಗೆ ದುಡ್ಡು ಕಟ್ಟಿ ತಗೊಳ್ಳೋದನ್ನ ಅವರು ಪೋಸ್ಟ್‌ಮ್ಯಾನ್ ಕೈಲಿ ಕೊಡಿಸ್ತಿದ್ರು. ಫೀಡ್‌ಬ್ಯಾಕ್ ಲೂಪ್ ಸ್ವಲ್ಪ ನಿಧಾನ, ಅಷ್ಟೇ. ಫೋಟೋಗಳು ಇಂಗ್ಲೆಂಡಿನ ದೇಹದಾರ್ಢ್ಯ ಪತ್ರಿಕೆಗಳಲ್ಲೂ ಅಚ್ಚಾದವು. 1930ರಲ್ಲಿ 'ಮಸಲ್ ಕಲ್ಟ್' ಅನ್ನೋ ಇಂಗ್ಲಿಷ್ ಪುಸ್ತಕ, 1937ರಲ್ಲಿ ಸೂರ್ಯ ನಮಸ್ಕಾರದ ಮೇಲೆ ಇನ್ನೊಂದು ಪುಸ್ತಕ ಬಂತು. ವಿನಯ ಅವರ ದೊಡ್ಡ ಗುಣ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ತಮ್ಮ ಮೈಕಟ್ಟು ನೋಡಿ ದೇವತೆಗಳೂ ಆಸೆ ಪಡಬೇಕು ಅನ್ನೋ ಧಾಟಿಯಲ್ಲಿ ತಮ್ಮ ಬಗ್ಗೆ ತಾವೇ ಬರ್ಕೊಂಡವರು.

ಈಗ ಕೆಮ್ಮಣ್ಣುಗುಂಡಿಗೆ ವಾಪಸ್ ಬರೋಣ. ಅದು ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯಲ್ಲಿ ತಂಗ್ತಿದ್ದ ಜಾಗ, ಇವತ್ತಿಗೂ ಆ ಗಿರಿಧಾಮಕ್ಕೆ ಅವರದೇ ಹೆಸರು. ಆ ಮಹಾರಾಜರಿಗೆ ಪಾರ್ಶ್ವವಾಯು ಆಯ್ತು, ನಮ್ಮ ಕಡೆ ಹೇಳೋ ಹಾಗೆ ಲಕ್ವ ಹೊಡೀತು. ದೊಡ್ಡ ದೊಡ್ಡ ಡಾಕ್ಟರುಗಳನ್ನ ಕರೆಸೋ ಶಕ್ತಿ ಇದ್ದ ಅರಮನೆ. ಆದ್ರೆ ಚೇತರಿಸ್ಕೊಳ್ಳೋಕೆ ಅವರಿಗೆ ನೆರವಾದವರಲ್ಲಿ ಬೆಂಗಳೂರಿನ ಈ ವ್ಯಾಯಾಮದ ಮೇಷ್ಟ್ರೂ ಒಬ್ಬರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅಯ್ಯರ್ ಶಿಷ್ಯ ಅನಂತರಾವ್ ವ್ಯಾಯಾಮ ಹೇಳಿಕೊಡ್ತಿದ್ರು. ಅಲ್ಲೇ ಕೂಗಳತೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ. ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಅವರ ಗುರು ಅಂದ್ರೆ ಗೊತ್ತಾಗುತ್ತಲ್ಲ, ಆ ಕೃಷ್ಣಮಾಚಾರ್ಯರು. ಮಹಾರಾಜರ ನೆರವಿನಿಂದ 1940ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಯ್ಯರ್ ಅವರ 'ವ್ಯಾಯಾಮಶಾಲಾ' ಎದ್ದು ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಹಾರಾಜರು ತೀರಿಕೊಂಡ್ರು.

ಇದನ್ನ ಅಜ್ಜಿಗೆ ಹೇಳಿದೆ. ಅವರಿಗೆ ಡಾಕ್ಟರ್ ಮಾತಿಗಿಂತ ಮಹಾರಾಜರ ಮಾತು ಜಾಸ್ತಿ ನಾಟುತ್ತೆ. ದೊರೆಗಳೇ ಮಾಡಿದ್ರಾ ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು. ಮಾರನೇ ದಿನದಿಂದ ದೊಡ್ಡಪ್ಪ ಅಂಗಳಕ್ಕೆ ಬಂದು ನಡೆಯೋಕೆ ಅಡ್ಡಿ ಬರಲಿಲ್ಲ.

ಆದ್ರೆ ನಾವು ಇಂಜಿನಿಯರಿಂಗ್ ಓದೋರು, ಒಬ್ಬ ರಾಜನ ಉದಾಹರಣೆ ಡೇಟಾ ಅಲ್ಲ. ಒಬ್ಬರು ವ್ಯಾಯಾಮ ಮಾಡಿ ಚೇತರಿಸ್ಕೊಂಡ್ರೆ ವ್ಯಾಯಾಮದಿಂದಲೇ ಅಂತ ಹೇಳೋಕಾಗಲ್ಲ. ಅಯ್ಯರ್ ಬಳಿ ಕಂಟ್ರೋಲ್ ಗ್ರೂಪ್ ಇರಲಿಲ್ಲ, ಆ ಕಾಲದಲ್ಲಿ ಈ ವಿಷಯಕ್ಕೆ ಯಾರ ಬಳಿಯೂ ಇರಲಿಲ್ಲ ಅನ್ನಿ. 1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ಡಾಕ್ಟರ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಲೆಕ್ಕ ಹಿಡಿದ್ರು. ಇಡೀ ದಿನ ಕೂತಿರೋ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ ಅಂತ ತೋರಿಸಿದ್ರು. ಕ್ಯಾನ್ಸರ್ ವಿಷಯದಲ್ಲಿ ಇನ್ನೂ ತಡ. ತುಂಬಾ ಕಾಲ ಡಾಕ್ಟರುಗಳೂ ನಮ್ಮಜ್ಜಿ ಥರಾನೇ ರೆಸ್ಟ್ ತಗೊಳ್ಳಿ ಅಂತಿದ್ರು. 2025ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಜನರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಮೂರು ವರ್ಷ ಮೇಲ್ವಿಚಾರಣೆಯ ವ್ಯಾಯಾಮ, ಇನ್ನೊಂದಕ್ಕೆ ಬರೀ ಆರೋಗ್ಯದ ಕೈಪಿಡಿ. ಎಂಟು ವರ್ಷದ ಲೆಕ್ಕದಲ್ಲಿ ಬದುಕಿ ಉಳಿದವರು ಮೊದಲ ಗುಂಪಿನಲ್ಲಿ ಸುಮಾರು ಶೇ. 90, ಎರಡನೇದರಲ್ಲಿ ಸುಮಾರು ಶೇ. 83. ಅದು ಕರುಳಿನ ಕ್ಯಾನ್ಸರ್, ದೊಡ್ಡಪ್ಪನದು ಬಾಯಿದು. ಅದನ್ನ ಇದಕ್ಕೆ ಹಾಗೇ ಅಂಟಿಸೋಕಾಗಲ್ಲ ಅನ್ನೋದು ಗೊತ್ತು. ದೊಡ್ಡಪ್ಪನ ವ್ಯಾಯಾಮಕ್ಕೆ ಕಾರಣ ಇನ್ನೂ ಸರಳ: ಕುತ್ತಿಗೆ ಆಪರೇಷನ್‌ನಲ್ಲಿ ಭುಜ ಎತ್ತೋ ಸ್ನಾಯುವಿನ ನರಕ್ಕೆ ಪೆಟ್ಟಾಗುತ್ತೆ, ರೇಡಿಯೇಷನ್‌ನಿಂದ ದವಡೆ ಬಿಗೀತದೆ, ಆಡಿಸದಿದ್ರೆ ಹಾಗೇ ಗಟ್ಟಿಯಾಗುತ್ತೆ.

ಅಯ್ಯರ್ ಕಥೆ ಜಿಮ್‌ನಲ್ಲೇ ಮುಗಿಯಲ್ಲ. ಅವರಿಗೆ ನಾಟಕದ ಹುಚ್ಚು. ರವಿ ಕಲಾವಿದರು ಅನ್ನೋ ತಂಡ ಕಟ್ಟಿದ್ರು. ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯ. ಈ ಜೋಡಿ ನೆನೆಸಿಕೊಂಡ್ರೆ ನಗು ಬರುತ್ತೆ. ಒಬ್ಬರು ಮೈಯನ್ನ ದೇವಸ್ಥಾನದ ಥರ ಇಟ್ಟುಕೊಂಡವರು, ಇನ್ನೊಬ್ಬರು ಕೈಯಲ್ಲಿ ಸಿಗರೇಟು ಇಲ್ಲದೆ ಕಾಣಿಸದವರು. ಊರಿಗೆಲ್ಲ ಆರೋಗ್ಯ ಕಲಿಸಿದ ಮೇಷ್ಟ್ರು ತನ್ನ ಗೆಳೆಯನ ಸಿಗರೇಟು ಬಿಡಿಸೋಕಾಗಲಿಲ್ಲ. 1946ರಲ್ಲಿ ಕೈಲಾಸಂ ತೀರಿಕೊಂಡ್ರು. ಅಯ್ಯರ್ ಅವರ ನೆನಪುಗಳನ್ನ ಒಂದು ಪುಸ್ತಕವಾಗಿ ಬರೆದ್ರು. ಗೆಳೆಯನ ಚಟದಿಂದಾಗಿ ಗೆಳೆತನ ಬಿಟ್ಟವರಲ್ಲ ಅನ್ನೋದು ನನಗೆ ಮುಖ್ಯ ಅನ್ನಿಸ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

'ಶಾಂತಲಾ' ಹೊಯ್ಸಳರ ವಿಷ್ಣುವರ್ಧನನ ರಾಣಿಯ ಕಥೆ. ನೃತ್ಯಗಾರ್ತಿಯೂ ಆದ ರಾಣಿಯ ಬಗ್ಗೆ ವ್ಯಾಯಾಮದ ಮೇಷ್ಟ್ರು ಬರೆದದ್ದು ನನಗೇನೂ ಆಶ್ಚರ್ಯ ಅನ್ನಿಸಲಿಲ್ಲ. ಇಬ್ಬರ ಕೆಲಸವೂ ಮೈಯನ್ನ ಪಳಗಿಸೋದೇ ಅಲ್ವಾ? 'ರೂಪದರ್ಶಿ' ಮಾತ್ರ ನನ್ನ ನಿದ್ದೆ ಕೆಡಿಸ್ತು. (ಓದದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಇಟಲಿಯ ಮೈಕೆಲ್ ಏಂಜಲೋ ಬಾಲಯೇಸುವಿನ ಚಿತ್ರಕ್ಕೆ ಒಂದು ಮುಗ್ಧ ಮಗುವಿನ ಮುಖ ಹುಡುಕ್ತಾನೆ, ಸಿಗುತ್ತೆ. ಎಷ್ಟೋ ವರ್ಷದ ಮೇಲೆ ಯೇಸುವಿಗೆ ದ್ರೋಹ ಮಾಡಿದ ಜುದಾಸನ ಚಿತ್ರಕ್ಕೆ ಅತಿ ಕ್ರೂರ ಮುಖ ಬೇಕಾಗುತ್ತೆ. ಅದೂ ಸಿಗುತ್ತೆ. ಎರಡೂ ಒಬ್ಬನದೇ ಮುಖ. ಇದನ್ನ ನಾನು ಓದಿ ಮುಗಿಸಿದ್ದು ರೇಡಿಯೇಷನ್ ವಾರ್ಡಿನ ಹೊರಗಿನ ಬೆಂಚ್ ಮೇಲೆ ಕೂತು. ಒಳಗಿಂದ ದೊಡ್ಡಪ್ಪ ಬಂದ್ರು, ಒಂದು ಕಡೆ ಕೆನ್ನೆ ಒಳಗೆ ಹೋಗಿದೆ. ನನ್ನ ಮುಂಜಿ ಫೋಟೋದಲ್ಲಿ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡ ಮುಖ ಅದು.

ಮುಂದೆ ಹೇಳ್ತೀನಿ ಅಂದಿದ್ದು ಇದು. ಆ ದಿನ ನನ್ನ ಜೀನ್ಸ್ ಜೇಬಲ್ಲೂ ಅಡಿಕೆ ಪುಡಿ ಪ್ಯಾಕೆಟ್ ಇತ್ತು. ಫಸ್ಟ್ ಸೆಮ್‌ನಲ್ಲಿ ಇಂಟರ್ನಲ್ಸ್ ಹಿಂದಿನ ರಾತ್ರಿ ನಿದ್ದೆ ಬರದಿರಲಿ ಅಂತ ರೂಮ್‌ಮೇಟ್ ಜೊತೆ ಶುರುವಾಗಿದ್ದು. ತಂಬಾಕು ಇಲ್ಲ, ಬರೀ ಅಡಿಕೆ, ಏನೂ ಆಗಲ್ಲ ಅಂತ ನಾನೇ ಎಲ್ಲರಿಗೂ ಹೇಳ್ತಿದ್ದೆ, ಅದೂ ಅಡಿಕೆ ಬೆಳೆಯೋರ ಮನೆ ಹುಡುಗನ ಗತ್ತಿನಲ್ಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮೂರಲ್ಲಿ ಇದನ್ನ ಜೋರಾಗಿ ಹೇಳಿದ್ರೆ ಹೊಡೀತಾರೆ. ನನಗೂ ಹೇಳೋಕೆ ಕಷ್ಟವೇ, ಈ ಸೆಮಿಸ್ಟರ್ ಫೀಸ್ ಕಟ್ಟಿದ್ದು ಆ ದುಡ್ಡಲ್ಲೇ. ನಾನು ಬಿಟ್ಟು ನಾಲ್ಕು ತಿಂಗಳಾಯ್ತು. ರೂಮ್‌ಮೇಟ್ ಇನ್ನೂ ಬಿಟ್ಟಿಲ್ಲ. ಬೈದ್ರೆ ಹಾಸ್ಟೆಲ್ ಟೆರೇಸ್‌ಗೆ ಹೋಗಿ ಒಬ್ಬನೇ ಹಾಕ್ತಾನೆ. ಅದಕ್ಕೇ ಬೈಯೋದು ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ಗ್ರೌಂಡ್‌ಗೆ ಎಳ್ಕೊಂಡು ಹೋಗ್ತಿದ್ದೀನಿ. ಎರಡು ರೌಂಡ್ ಓಡಿ, ಅಯ್ಯರ್ ಹೆಸರಲ್ಲಿ ಹನ್ನೆರಡು ಸೂರ್ಯ ನಮಸ್ಕಾರ. ಅವನು ಎಂಟಕ್ಕೇ ಮಲಗಿಬಿಡ್ತಾನೆ.

ಅಯ್ಯರ್ ತೀರಿಕೊಂಡಿದ್ದು 1980ರಲ್ಲಿ, ಎಂಬತ್ತು ದಾಟಿದ ಮೇಲೆ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾಗಿ ಆಗ ಏಳು ವರ್ಷ ಆಗಿತ್ತು.

ನಮ್ಮನೆ ಜಗಲಿ ಗೋಡೆ ಮೇಲೆ ಪೆನ್ಸಿಲ್ ಗೆರೆಗಳಿವೆ. ಮೊದಲು ನಾನು ಚಿಕ್ಕವನಿದ್ದಾಗ ನನ್ನ ಎತ್ತರ ಗುರುತು ಹಾಕಿದ್ದು. ಈಗ ಅದರ ಪಕ್ಕದಲ್ಲೇ ದೊಡ್ಡಪ್ಪನ ಬೆರಳು ಮುಟ್ಟಿದ ಗೆರೆಗಳು. ಮೊದಲನೇದು ನನ್ನ ಐದನೇ ಕ್ಲಾಸಿನ ಗೆರೆಗಿಂತ ಕೆಳಗಿದೆ. ಹೋದ ಭಾನುವಾರ ಅಜ್ಜಿ ಫೋನ್ ಮಾಡಿ ಹೇಳಿದ್ರು, ನನ್ನ ಹತ್ತನೇ ಕ್ಲಾಸಿನ ಗೆರೆ ದಾಟಿದೆಯಂತೆ.