ಮಹಾವೀರಾಚಾರ್ಯರ ಎರಡು ಉತ್ತರಗಳು

ಬೋಧನಾಭ್ಯಾಸದ ಎರಡನೆಯ ವಾರ. ಶಿವಮೊಗ್ಗದಿಂದ ಬೆಳಗಿನ ಬಸ್ಸು ಹಿಡಿದು ಭದ್ರಾವತಿಗೆ ಹೋಗಿ, ಹತ್ತನೆಯ ತರಗತಿಗೆ ವರ್ಗಸಮೀಕರಣಗಳ ಪಾಠ ಮಾಡುತ್ತಿದ್ದೆ. ಉದ್ದವು ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 180 ಚದರ ಮೀಟರ್ ಇರುವ ತೋಟದ ಅಗಲವೆಷ್ಟು ಎಂಬುದು ಲೆಕ್ಕ. 12 ಮತ್ತು −15 ಎಂದು ಎರಡು ಉತ್ತರ ಬಂದವು. ನಾನು −15ರ ಮೇಲೆ ಗೆರೆ ಎಳೆದು ಮುಂದೆ ಹೋದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಹೊಡೆದುಹಾಕುವುದಾದರೆ ಅದನ್ನು ಕಂಡುಹಿಡಿದದ್ದು ಯಾಕೆ ಸಾರ್ ಎಂದು ಕೇಳಿದಳು. ಋಣ ಉತ್ತರವನ್ನು ಯಾವಾಗಲೂ ಬಿಟ್ಟುಬಿಡಬೇಕು ಎಂದೆ. ಅವಳು ಕುಳಿತಳು, ಆದರೆ ಒಪ್ಪಿ ಕುಳಿತಂತೆ ಕಾಣಲಿಲ್ಲ.

ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ನಮ್ಮ ಮೇಷ್ಟ್ರು ವೀಕ್ಷಣಾ ಪುಸ್ತಕದಲ್ಲಿ ಯಾವಾಗಲೂ ಎಂಬ ಪದವನ್ನು ಬರೆದು, ಅದರ ಕೆಳಗೆ ಕೆಂಪು ಗೆರೆ ಹಾಕಿದ್ದರು. ಮುಂದಿನ ಪಾಠಕ್ಕೆ ಮೊದಲು ಮಹಾವೀರಾಚಾರ್ಯರನ್ನು ಓದಿಕೊಂಡು ಬನ್ನಿ ಎಂದರು. ಓದಿದ ಮೇಲೆ ನನಗೆ ಪರಿಚಯವಾದ ಆ ಹಿರಿಯರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ತೀರ್ಥಂಕರ ಮಹಾವೀರರು ಬೇರೆ, ಇವರು ಬೇರೆ. ಗಣಿತಜ್ಞ ಮಹಾವೀರಾಚಾರ್ಯರು 9ನೆಯ ಶತಮಾನದ ಜೈನ ವಿದ್ವಾಂಸರು. ಆಗ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಕನ್ನಡಕ್ಕೆ ಕವಿರಾಜಮಾರ್ಗ ದೊರೆತದ್ದೂ ಆ ಕಾಲದಲ್ಲೇ. ಆಚಾರ್ಯರು ತಮ್ಮ ಗ್ರಂಥದ ಆರಂಭದಲ್ಲಿ ಆ ದೊರೆಯನ್ನು ಹೊಗಳಿದ್ದಾರೆ. ಅವರ ಬದುಕೆಂದರೆ ಬಹುಮಟ್ಟಿಗೆ ಆ ಗ್ರಂಥವೇ: ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ.

ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಖಗೋಳಶಾಸ್ತ್ರದ ಅಧ್ಯಾಯಗಳ ನಡುವೆ ಬರುತ್ತಿತ್ತು. ಮಹಾವೀರಾಚಾರ್ಯರು ಗಣಿತಕ್ಕೇ ಮೀಸಲಾದ ಪುಸ್ತಕ ಬರೆದರು. ಒಂಬತ್ತು ಅಧ್ಯಾಯ, ಸಾವಿರಕ್ಕೂ ಮೀರಿದ ಶ್ಲೋಕಗಳು. ಪರಿಭಾಷೆಯಿಂದ ಆರಂಭಿಸಿ ಮೂಲಕ್ರಿಯೆಗಳು, ಭಿನ್ನರಾಶಿ, ತ್ರೈರಾಶಿಕ, ಕ್ಷೇತ್ರಗಣಿತ, ಕಡೆಗೆ ನೆರಳಿನ ಲೆಕ್ಕ. ಮೊದಲು ಸೂತ್ರ, ಹಿಂದೆಯೇ ಅಭ್ಯಾಸದ ಲೆಕ್ಕಗಳು. ನಮ್ಮ ಪಾಠಯೋಜನೆಯ ಕ್ರಮವೂ ಇದಕ್ಕಿಂತ ಬಹಳ ಬೇರೆಯಲ್ಲ.

ನನ್ನ ತಪ್ಪಿಗೆ ಮದ್ದು ಸಿಕ್ಕಿದ್ದು ಮೊದಲ ಅಧ್ಯಾಯದಲ್ಲೇ. ಧನಸಂಖ್ಯೆಯ ವರ್ಗವೂ ಋಣಸಂಖ್ಯೆಯ ವರ್ಗವೂ ಧನವೇ. ಆದ್ದರಿಂದ ವರ್ಗಮೂಲಗಳು ಧನ, ಋಣ ಎಂದು ಎರಡು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಈ ಎರಡು ಮಾತುಗಳನ್ನು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಕೆಲವು ಬಗೆಯ ಲೆಕ್ಕಗಳಲ್ಲಿ ಎರಡೂ ಮೂಲಗಳನ್ನು ಕೊಡುವ ಸೂತ್ರವನ್ನೂ ಕೊಟ್ಟಿದ್ದಾರೆ. ಅವರೂ ಎಡವಿದ್ದುಂಟು: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದರು. ಇದನ್ನೂ ಮಕ್ಕಳಿಗೆ ಹೇಳಬೇಕು. ದೊಡ್ಡವರೂ ತಪ್ಪುತ್ತಾರೆ ಎಂದು ತಿಳಿದರೆ ಪ್ರಶ್ನೆ ಕೇಳುವವರಿಗೆ ಧೈರ್ಯ ಬರುತ್ತದೆ.

ಮುಂದಿನ ಪಾಠವನ್ನು ಅವರ ಒಂಟೆಗಳ ಲೆಕ್ಕದಿಂದ ಆರಂಭಿಸಿದೆ. ಒಂದು ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿವೆ, ಉಳಿದ 15 ಹೊಳೆಯ ದಂಡೆಯಲ್ಲಿವೆ, ಒಟ್ಟು ಎಷ್ಟು? ವರ್ಗಮೂಲವನ್ನು y ಎಂದಿಟ್ಟುಕೊಂಡರೆ 3y² − 8y − 60 = 0. y = 6 ಅಥವಾ −10/3. ಮೊದಲನೆಯದರಿಂದ 36 ಒಂಟೆಗಳು: 9, 12, 15. ಎರಡನೆಯದರಿಂದ 100/9. ಒಂಬತ್ತರಲ್ಲಿ ಒಂದು ಪಾಲು ಒಂಟೆ ಎಲ್ಲಾದರೂ ಇರುತ್ತದೆಯೇ ಎಂದು ತರಗತಿ ನಕ್ಕಿತು. ಉತ್ತರವನ್ನು ಬಿಡಿಸಿದ್ದು ನನ್ನ ಅಪ್ಪಣೆಯಲ್ಲ, ಒಂಟೆಗಳು.

ಹಾಗಾದರೆ ಎರಡೂ ಉತ್ತರ ನಿಜವಾಗುವ ಸಂದರ್ಭವಿದೆಯೇ? ಚೆಂಡೊಂದನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದೇವೆ ಎಂದುಕೊಳ್ಳಿ ಎಂದೆ. ಗುರುತ್ವವೇಗೋತ್ಕರ್ಷ 10 ಎಂದಿಟ್ಟುಕೊಂಡು ಗಾಳಿಯ ತಡೆ ಬಿಟ್ಟರೆ ಎತ್ತರ 15t − 5t². 0, 1, 2, 3 ಸೆಕೆಂಡಿಗೆ ಎತ್ತರ 0, 10, 10, 0 ಎಂದು ಹಲಗೆಯ ಮೇಲೆ ಬರೆದೆವು. ಅವುಗಳ ವ್ಯತ್ಯಾಸ 10, 0, −10. ವ್ಯತ್ಯಾಸಗಳ ವ್ಯತ್ಯಾಸ −10, −10. ಮೊದಲ ವ್ಯತ್ಯಾಸ ಬದಲಾಗುತ್ತದೆ, ಎರಡನೆಯದು ಸ್ಥಿರವಾಗಿರುತ್ತದೆ. ಎರಡನೆಯ ಘಾತದ ಗುರುತೇ ಇದು. ಅದಕ್ಕೇ ಚೆಂಡಿನ ದಾರಿ ಏರಿ, ನಿಂತು, ಇಳಿಯುತ್ತದೆ.

10 ಮೀಟರ್ ಎತ್ತರದಲ್ಲಿ ಚೆಂಡು ಯಾವಾಗ ಇರುತ್ತದೆ? 1 ಸೆಕೆಂಡಿಗೆ ಏರುವಾಗ, 2 ಸೆಕೆಂಡಿಗೆ ಇಳಿಯುವಾಗ. ಎರಡೂ ನಿಜ, ಯಾವುದನ್ನೂ ಹೊಡೆಯುವಂತಿಲ್ಲ. 11.25 ಮೀಟರಿಗೆ 1.5 ಸೆಕೆಂಡು ಎಂಬ ಒಂದೇ ಉತ್ತರ. 12 ಮೀಟರಿನ ಲೆಕ್ಕವನ್ನು ಮೂರನೆಯ ಬೆಂಚಿನ ಹುಡುಗಿಗೆ ಕೊಟ್ಟೆ. ವರ್ಗಮೂಲದೊಳಗೆ −15 ಬಂತು. ಅವಳು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ, ಚೆಂಡು ಅಲ್ಲಿಗೆ ತಲುಪುವುದೇ ಇಲ್ಲ ಸಾರ್ ಎಂದಳು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಆಚಾರ್ಯರ ಮಾತಿಗೆ ಅಲ್ಲೇ ಅರ್ಥ ಸಿಕ್ಕಿತು.

ಬಳಿಕ ಹಳೆಯ ತೋಟದ ಲೆಕ್ಕವನ್ನು ಮತ್ತೆ ಬರೆದೆ. −15ನ್ನು ಬಿಡುವುದು ಅದು ಋಣವೆಂದಲ್ಲ, ತೋಟದ ಅಗಲ ಋಣವಾಗಲಾರದೆಂದು. ಹೋದ ವಾರ ನಾನು ಹೇಳಿದ್ದು ತಪ್ಪು ಎಂದು ಮಕ್ಕಳ ಮುಂದೆ ಒಪ್ಪಿಕೊಂಡೆ.

ಗಣಿತಸಾರಸಂಗ್ರಹವು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಬಂತು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡ ಅನುವಾದವನ್ನು 2000ದಲ್ಲಿ ಪ್ರಕಟಿಸಿದ್ದು ನಮ್ಮ ಜಿಲ್ಲೆಯದೇ ಆದ ಹೊಂಬುಜದ ಜೈನ ಮಠ. ವರ್ಗಸಮೀಕರಣದ ಪಾಠಕ್ಕೆ ಸಿದ್ಧರಾಗುವ ಸಹಪ್ರಶಿಕ್ಷಣಾರ್ಥಿಗಳು ಅದನ್ನೊಮ್ಮೆ ತೆರೆದು ನೋಡಲಿ. ಉತ್ತರದ ಮೇಲೆ ಗೆರೆ ಎಳೆಯುವ ಮೊದಲು ಕಾರಣವನ್ನು ಮಕ್ಕಳಿಂದಲೇ ಹೇಳಿಸುವುದು ಈಗ ನನ್ನ ಪಾಠಯೋಜನೆಯ ಒಂದು ಹಂತವಾಗಿದೆ.