ತಾನು ಸೇರದ ಊರಿಗೆ ಹಳಿ ಹಾಸಿದವನು

ದೊಡ್ಡ ಕೆಲಸವೊಂದನ್ನು ಕೈಗೊಂಡವನಿಗೆ ಅದರ ಕೊನೆಯನ್ನು ಕಣ್ಣಾರೆ ಕಾಣುವ ಆಸೆ ಸಹಜವಾದುದು. ಮನೆ ಕಟ್ಟಿದ ಮೇಸ್ತ್ರಿ ಕೂಡ ಗೃಹಪ್ರವೇಶದ ದಿನ ಬಂದು, ತಾನೆತ್ತಿದ ಗೋಡೆಗಳನ್ನು ಒಮ್ಮೆ ನೋಡಿ ಹೋಗುತ್ತಾನೆ. ಆ ಸುಖವೂ ದೊರೆಯದೆ ಮರುಭೂಮಿಯಲ್ಲಿ ವರ್ಷಗಟ್ಟಲೆ ದುಡಿದವನೊಬ್ಬನ ಬಾಳು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ನೆಲೆಸಿದೆ. ಆತನೇ ಹಿಜಾಜ್ ರೈಲುಮಾರ್ಗದ ಮುಖ್ಯ ಎಂಜಿನಿಯರ್ ಹೈನ್ರಿಖ್ ಆಗಸ್ಟ್ ಮೈಸ್ನರ್.

ಮೈಸ್ನರ್ ಹುಟ್ಟಿದುದು 1862ರಲ್ಲಿ, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ. ಡ್ರೆಸ್ಡೆನ್ನಿನಲ್ಲಿ ವ್ಯಾಸಂಗ ಮುಗಿಸಿ, ತರುಣನಾಗಿದ್ದಾಗಲೇ ತುರ್ಕರ ನಾಡಿಗೆ ಬಂದನು. ಅಲ್ಲಿಯ ಭಾಷೆಯನ್ನು ಚೆನ್ನಾಗಿ ಕಲಿತನು.

ಡಮಾಸ್ಕಸ್ಸಿನಿಂದ ಮದೀನಾಕ್ಕೆ ಸುಮಾರು 1,300 ಕಿಲೋಮೀಟರು. ಹಜ್ ಯಾತ್ರಿಕರು ಒಂಟೆಗಳ ಸಾಲಿನೊಡನೆ ಈ ದಾರಿಯನ್ನು ಸವೆಸಲು ಸುಮಾರು ನಲವತ್ತು ದಿನಗಳು ಬೇಕಾಗುತ್ತಿದ್ದವು. ಇಲ್ಲಿ ರೈಲು ಹಾಕಿಸಬೇಕೆಂದು 1900ರಲ್ಲಿ ಸುಲ್ತಾನ ಎರಡನೆಯ ಅಬ್ದುಲ್ ಹಮೀದನು ಸಂಕಲ್ಪಿಸಿದನು. ಯೂರೋಪಿನಿಂದ ಸಾಲ ತರದೆ, ಲೋಕದ ಮುಸ್ಲಿಮರ ಕಾಣಿಕೆಯಿಂದಲೂ ನೌಕರರ ಸಂಬಳದ ಕಡಿತದಿಂದಲೂ ಹಣ ಕೂಡಿಸಲಾಯಿತು. ಕಲಬುರ್ಗಿ, ರಾಯಚೂರು, ಬೀದರಗಳು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಿಂದಲೂ ಈ ಕಾರ್ಯಕ್ಕೆ ದಾನ ಸಂದಿತು. ಕಟ್ಟುವ ಹೊಣೆ ಮಾತ್ರ ಅನ್ಯಮತೀಯನಾದ ಮೈಸ್ನರನ ಹೆಗಲೇರಿತು.

ಹೊಣೆಯೇನು ಹಗುರವೇ? ಕೆಲಸಗಾರರೆಲ್ಲ ಬಹುತೇಕ ಸೈನಿಕರು. ಹಗಲು ಉರಿಬಿಸಿಲು, ಇರುಳು ಕೊರೆಯುವ ಚಳಿ. ಹಸುರು ತರಕಾರಿಯಿಲ್ಲದ ಊಟದಿಂದ ಅವರ ಒಸಡುಗಳು ಬಾತು ರಕ್ತ ಒಸರುತ್ತಿತ್ತು; ಕಾಲರಾ ಬಂದು ಹಲವರನ್ನು ಕೊಂಡೊಯ್ದಿತು. ಹಾಸಿದಷ್ಟು ಹಳಿಯ ಮೇಲೆಯೇ ತೊಟ್ಟಿಬಂಡಿಗಳಲ್ಲಿ ನೀರು ತಂದು, ಆ ನೀರನ್ನು ಕುಡಿದು ಮುಂದಿನ ಹಳಿ ಹಾಸಬೇಕು. ಗಾಳಿ ಮರಳನ್ನು ತಂದು ಸುರಿಯುತ್ತಿತ್ತು. ಅದನ್ನು ತಡೆಯಲು ಏರಿಗೆ ಜೇಡಿಮಣ್ಣು, ಕಲ್ಲುಗಳ ಹೊದಿಕೆ. ವರ್ಷವೆಲ್ಲ ಒಣಗಿ ಮಲಗಿದ್ದ ಹಳ್ಳ ಒಂದೇ ಮಳೆಗೆ ಉಕ್ಕಿ ಬರುವುದು. ಆದಕಾರಣ ನೀರೇ ಇಲ್ಲದ ನಾಡಿನಲ್ಲಿ ನೂರಾರು ಕಲ್ಲುಸೇತುವೆಗಳು! ಒಂಟೆಗಳ ಬಾಡಿಗೆಯಿಂದ ಜೀವಿಸುತ್ತಿದ್ದ ಬೆದೂಯಿನರು ತಮ್ಮ ಅನ್ನಕ್ಕೆ ಕಲ್ಲು ಬೀಳುವುದನ್ನು ಕಂಡು ದಾಳಿಯಿಟ್ಟರು. ಅವರನ್ನು ಬರಿಯ ದರೋಡೆಕಾರರೆಂದು ಕರೆಯಲು ನನಗೆ ಮನಸ್ಸು ಬಾರದು.

ಇಷ್ಟಾದರೂ ಹಳಿ ಮುಂದುವರಿಯಿತು. 1904ರಲ್ಲಿ ಮಆನ್ ಮುಟ್ಟಿತು. ಮೈಸ್ನರನಿಗೆ ಪಾಷಾ ಎಂಬ ಬಿರುದು ಬಂದಿತು. 1905ರಲ್ಲಿ ಹೈಫಾ ಬಂದರಿಗೆ ಕವಲು ಸಿದ್ಧವಾಯಿತು. 1906ರಲ್ಲಿ ತಬೂಕ್. ಮುಂದೆ ಅಲ್-ಉಲಾ. ಅಲ್ಲಿಗೆ ಮೈಸ್ನರನ ದಾರಿ ಮುಗಿಯಿತು. ಆಚೆಯದು ಪವಿತ್ರ ಭೂಮಿ, ಮುಸ್ಲಿಮನಲ್ಲದವನು ಕಾಲಿಡುವಂತಿರಲಿಲ್ಲ. ಉಳಿದ ಮುನ್ನೂರು ಚಿಲ್ಲರೆ ಕಿಲೋಮೀಟರುಗಳನ್ನು ಮುಖ್ತಾರ್ ಬೇ ಎಂಬ ಎಂಜಿನಿಯರನ ನೇತೃತ್ವದಲ್ಲಿ ಮುಸ್ಲಿಮರೇ ಮುಗಿಸಿದರು. 1908ರ ಸೆಪ್ಟೆಂಬರ್ 1ರಂದು ಮದೀನಾದಲ್ಲಿ ಉತ್ಸವ ನಡೆಯಿತು. ನಲವತ್ತು ದಿನಗಳ ದಾರಿ ಸುಮಾರು ಮೂರು ದಿನಗಳಿಗಿಳಿಯಿತು.

ಮುಂದೆ ಆತ ಬಾಗ್ದಾದ್ ಮಾರ್ಗದಲ್ಲಿ ದುಡಿದನು. ಮೊದಲನೆಯ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಮರಳಿನಲ್ಲಿ ಹಳಿ ಹಾಕಿಸಿದನು. ಅದೇ ಯುದ್ಧದಲ್ಲಿ ಹಿಜಾಜಿನ ಹಳಿಗಳನ್ನು ಅರಬ್ ಬಂಡಾಯಗಾರರೂ ಅವರ ಇಂಗ್ಲಿಷ್ ಮಿತ್ರರೂ ಸಿಡಿಮದ್ದಿಟ್ಟು ಹಾರಿಸಿದರು. ಯುದ್ಧಾನಂತರ ಮದೀನಾಕ್ಕೆ ರೈಲು ಓಡುವುದು ನಿಂತಿತು. ಅಲ್ಲಿಯ ನಿಲ್ದಾಣ ಈಗ ವಸ್ತುಸಂಗ್ರಹಾಲಯ. ಮೈಸ್ನರ್ 1940ರಲ್ಲಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡನು.

ಹಾಗಾದರೆ ಆ ದುಡಿಮೆ ವ್ಯರ್ಥವೇ? ನನಗೆ ಹಾಗೆ ತೋರುವುದಿಲ್ಲ. ಕೆಲಸ ಮೊದಲಾದಾಗ ಎಂಜಿನಿಯರರಲ್ಲಿ ಹೆಚ್ಚಿನವರು ಯೂರೋಪಿಯನ್ನರು. ಮುಗಿಯುವಾಗ ತಾವೇ ಮಾರ್ಗ ಕಟ್ಟಬಲ್ಲ ನಾಡಿನ ತರುಣರು ತಯಾರಾಗಿದ್ದರು. ತಾನು ಕಾಲಿಡದ ನೆಲವನ್ನು ಮೈಸ್ನರ್ ಅವರ ಮೂಲಕ ಮುಟ್ಟಿದನೆನ್ನಬಹುದು. ಅಧ್ಯಾಪಕರಾದ ನಮ್ಮ ಪಾಡೂ ಇದೇ ಅಲ್ಲವೇ? ಅಲ್-ಉಲಾದವರೆಗೆ ಜೊತೆಯಲ್ಲಿ ನಡೆಯುತ್ತೇವೆ; ಆಚೆಯ ಊರು ಶಿಷ್ಯರದು. ಪ್ರತಿವರ್ಷ ಮಾರ್ಚಿಯಲ್ಲಿ ಕೊನೆಯ ತರಗತಿಯ ಪಾಠ ಮುಗಿಸಿ ಹೊರಬರುವಾಗ ನನಗೆ ಆ ಜರ್ಮನನ ನೆನಪಾಗುತ್ತದೆ.